ತೂಬಿಗೆ ಬಂದು ನಿಂತ ಉಚ್ಚೆಂಗಮ್ಮ

ನನ್ನ ಚೊಚ್ಚಲ ಹೆರಿಗೆಯ ದಿನ ನೆನಪಾದರೆ ಇವತ್ತಿಗೂ ಅಪ್ಪ, ಅವ್ವ ಇಬ್ಬರ ಮೇಲೂ ಸಿಟ್ಟು ಬರುತ್ತದೆ.

ನಮ್ಮಪ್ಪ ಪಕೀರಪ್ಪ ಮೆಟ್ರಿ ಹತ್ತಿರ ಕಾಲುವೆಯ ತೂಬು ಕಾಯುತ್ತಿದ್ದ. ಎಂಬತ್ತರ ದಶಕದಲ್ಲಿ ಹೊಸಪೇಟೆಗೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡ. ಇನ್ನು ದೇವರ ಪೂಜೆ ಮಾಡುವುದಿಲ್ಲ ಎಂದು ಪ್ರತಿಜ್ಞೆ ಮಾಡಿ ಬಂದವನೇ ಮನೆದೇವಿ ಉಚ್ಚೆಂಗಮ್ಮನ ಮರದ ಮೂರ್ತಿಯನ್ನು ಕಾಲುವೆಗೆ ಬಿಟ್ಟ. ಜೀವಮಾನವೆಲ್ಲ ನೀರು ಕಾಯ್ದವನಿಗೆ, ಮೇಲೆ ಬಿಟ್ಟದ್ದು ಕೆಳಗೆ ತನ್ನ ತೂಬಿಗೇ ಬರುತ್ತದೆಂದು ಹೊಳೆಯಲಿಲ್ಲ ನೋಡಿ! ಮರುದಿನ ಜಾಲರಿಗೆ ಸಿಕ್ಕಿ ನಿಂತಿದ್ದಳು ತಾಯಿ. ಅವ್ವ ಕರೆಮ್ಮ ಎತ್ತಿ ತಂದು ಜೋಳದ ಗುಡಾಣದ ಹಿಂದೆ ಕೂರಿಸಿದಳು. ಅಪ್ಪ ನೋಡಿಯೂ ನೋಡದಂತೆ ಇದ್ದ.

ಹೆರಿಗೆಗೆಂದು ತವರಿಗೆ ಬಂದಿದ್ದ ನನಗೆ ನೋವು ಶುರುವಾಗಿ ಹಗಲೆಲ್ಲ ಕಳೆದರೂ ಕೂಸು ಕದಲಲಿಲ್ಲ. ಸೂಲಗಿತ್ತಿ ದುರುಗವ್ವ, "ನನ್ನ ಕೈಲಿ ಆಗಾಂಗಿಲ್ಲ, ಕಂಪ್ಲಿ ದವಾಖಾನಿಗೆ ಒಯ್ರಿ" ಅಂದುಬಿಟ್ಟಳು. ಕಬ್ಬು ಹೇರುವ ಟ್ರ್ಯಾಕ್ಟರ್ ಬಾಗಿಲಿಗೆ ಬಂತು. ಅವ್ವ ಹೊಸ್ತಿಲಿಗೆ ಅಡ್ಡ ನಿಂತಳು. ನಮ್ಮ ಮನೆತನದಲ್ಲಿ ಹೆರಿಗೆಗೆ ಹೊರಟ ಮಗಳ ಹಣೆಗೆ ಅಪ್ಪನೇ ದೇವಿಯ ಭಂಡಾರದ ಅರಿಶಿನ ಹಚ್ಚಬೇಕು.

"ಹಚ್ಚಿ ಕಳಸ್ರಿ. ಮಗಳು ತಿರುಗಿ ಬರೋದು ಬ್ಯಾಡೇನು?"

"ಪ್ರತಿಜ್ಞೆ ಮಾಡೀನಿ, ಕರೆಮ್ಮ."

"ಬುದ್ಧಂದು ಮತ ಅಲ್ಲ, ವಿಚಾರ ಅಂತ ನೀವ ಹೇಳಿದ್ರಿ. ವಿಚಾರಕ್ಕ ಎಂಥಾ ಮೈಲಿಗಿರಿ?"

"ಮತ ಅಲ್ಲ ಖರೆ... ಆದ್ರ ಕೊಟ್ಟ ಮಾತು..."

ನಾನಿಲ್ಲಿ ಸಾಯುತ್ತಿದ್ದೇನೆ, ಇವರದು ಅಲ್ಲಿ ಮತವೋ ವಿಚಾರವೋ! "ಏನರ ಆಗ್ಲಿ, ಜಲ್ದಿ ಗಾಡಿ ಹತ್ತಸ್ರಿ ನನ್ನ!" ಎಂದು ಚೀರಿದೆ. ಅಪ್ಪ ಗುಡಾಣದ ಹಿಂದೆ ಕೈ ಹಾಕಿ ಭಂಡಾರ ತಂದು ನನ್ನ ಹಣೆಗೆ ಬಳಿದ.

ದಾರಿಯುದ್ದಕ್ಕೂ ನನಗೆ ಕಣ್ಣು ಕತ್ತಲೆ ಬರುತ್ತಿತ್ತು. ಜೀವ ಹೋಗೇಬಿಡುತ್ತದೆ ಅನ್ನಿಸಿತ್ತು. ಅಪ್ಪ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಇಂಜಿನ್ ಸದ್ದಿಗಿಂತ ಜೋರಾಗಿ ಕಿವಿಯಲ್ಲಿ "ಬುದ್ಧಂ ಶರಣಂ ಗಚ್ಛಾಮಿ" ಅನ್ನುತ್ತಲೇ ಇದ್ದ. ನಾನು ಕಣ್ಣು ಮುಚ್ಚಿದರೆ ದನಿ ಇನ್ನೂ ಏರಿಸುತ್ತಿದ್ದ.

ಕೂಸೂ ಉಳಿಯಿತು, ನಾನೂ ಉಳಿದೆ. ಎಲ್ಲ ಉಚ್ಚೆಂಗಮ್ಮನ ದಯೆ ಎಂದು ಅವ್ವ ಊರೆಲ್ಲ ಹೇಳಿಕೊಂಡು ಬಂದಳು. ಬಾಣಂತನದಲ್ಲಿ ಒಂದು ದಿನ ಅಪ್ಪನನ್ನು ಛೇಡಿಸಿದೆ:

"ಬುದ್ಧ ದೇವರಲ್ಲ, ಬೇಡಿಕೊಂಡ್ರ ಅವಗ ಕೇಳಸಾಂಗಿಲ್ಲ ಅಂತಿದ್ದೆಲ್ಲಪ್ಪ. ಮತ್ತ ಅವತ್ತು ಹಂಗ ಯಾರಿಗೆ ಒದರ್ತಿದ್ದಿ?"

ಅಪ್ಪ ಕೂಸಿನ ಮುಖದಿಂದ ಕಣ್ಣು ತೆಗೆಯದೆ ಅಂದ: "ಅವಗ ಕೇಳಸಾಂಗಿಲ್ಲ, ಗೊತ್ತೈತಿ. ನಿನಗ ಕೇಳಸ್ಕೋಂತ ಇರ್ಲಿ ಅಂತ ಒದರಿದ್ನವ್ವ."