ಅಂಚಿನಲ್ಲಿ ಬರೆದ ಹೆಸರುಗಳು

ಬೀದರಿನ ನನ್ನ ಬೈಂಡಿಂಗ್ ಅಂಗಡಿಗೆ ಬರುತ್ತಿದ್ದ ಆ ಅಕ್ಕ ಹರಿದ ಚೀಟಿಯನ್ನೂ ಎಸೆಯುತ್ತಿರಲಿಲ್ಲ. ‘ಇರ್ಲಿ ಬಿಡ್ರಿ ಅಣ್ಣಾ, ಬೇಕಾಗ್ತದ’ ಎಂದು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ತಮ್ಮಂಥವರ ಸಂಘವನ್ನು ಅವರೇ ನಡೆಸುತ್ತಿದ್ದರು. ಬರ ಬಿದ್ದು ಭಾಲ್ಕಿ, ಔರಾದ್ ಕಡೆಯ ಸದಸ್ಯರೆಲ್ಲ ಪುಣೆ, ಹೈದರಾಬಾದಿಗೆ ದುಡಿಯಲು ಹೋದ ವರ್ಷ, ಸಂಘದ ಹಾಜರಿ ಪುಸ್ತಕವನ್ನು ಬೈಂಡ್ ಮಾಡಿಸಲು ತಂದರು.

ನಾನು ನಾಲ್ಕನೇ ಇಯತ್ತೆಗೇ ಸಾಲೆ ಬಿಟ್ಟವನು. ಆದರೆ ನನ್ನಷ್ಟು ಸಾಫಾಗಿ ಅಂಚು ಕತ್ತರಿಸುವವರು ಊರಲ್ಲಿ ಯಾರೂ ಇಲ್ಲ. ಅಂಚಿನಲ್ಲಿ ಏನೋ ಬರೆದಿದ್ದನ್ನು ಲೆಕ್ಕಿಸದೆ ಹಾಗೇ ಕತ್ತರಿಸಿ ಕೊಟ್ಟೆ. ಪುಟ ತಿರುವುತ್ತಿದ್ದ ಅಕ್ಕನ ಕೈ ನಿಂತಿತು.

‘ಅಣ್ಣಾ, ಒಳಗ ಇರೋದು ಮನಿಯವರು ಇಟ್ಟ ಹೆಸರು. ಅಂಚಿಗೆ ಬರ್ದಿದ್ದು ಅವರೇ ಇಟ್ಕೊಂಡಿದ್ದು. ಅವು ಬ್ಯಾರೆ ಎಲ್ಲೂ ಇಲ್ರಿ.’

ಕಸದ ಬುಟ್ಟಿ ಸುರಿದೆ. ಇಬ್ಬರೂ ಕೂತು ಕತ್ತರಿಸಿ ಬಿದ್ದ ಅಂಚಿನ ಒಂದೊಂದು ಪಟ್ಟಿಯನ್ನೂ ಅದರದರ ಪುಟಕ್ಕೆ ಹೊಂದಿಸಿ ಅಂಟಿಸಿದೆವು.

‘ನಿಮ್ಮ ಕೈ ಭಾಳ ಸಾಫ್ ಅದ ಬಿಡ್ರಿ, ಒಂದು ಅಕ್ಷರನೂ ಮುಕ್ಕಾಗಿಲ್ಲ’ ಎಂದು ಅಕ್ಕ ನಕ್ಕರು. ನನಗೆ ನಗು ಬರಲಿಲ್ಲ.

ಮುಂದಿನ ವಾರ ಅವರೂ ಪುಣೆಗೆ ಹೊರಟರು. ‘ನಿಮ್ಮ ಹತ್ರನೇ ಇರ್ಲಿ ಅಣ್ಣಾ, ಬೇಕಾಗ್ತದ’ ಎಂದು ಪುಸ್ತಕ ಕೊಟ್ಟರು.

ಊರಿಗೆ ಮರಳಿದವರು ಈಗಲೂ ಬಂದು ತಮ್ಮ ಹೆಸರಿನ ಮೇಲೆ ಬೆರಳಾಡಿಸುತ್ತಾರೆ. ನನ್ನ ಅಂಗಡಿಯಲ್ಲಿ ಸೊಟ್ಟ ಅಂಚಿನ ಪುಸ್ತಕ ಅದೊಂದೇ.