ಫ್ಲಾಪಿ ಗಿರಿಜಕ್ಕ

ಫ್ಲಾಪಿಯನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡುವವರನ್ನು ನಾನು ಕಂಡದ್ದು ಒಬ್ಬರನ್ನೇ. "ಬೂಷ್ಟು ಹಿಡಿದಿದೆ ಮಾರಾಯ, ಮೊದಲು ಒರೆಸ್ಬೇಕು" ಎಂದು ಗಿರಿಜಕ್ಕ ಮುಖ ಕಿವುಚುತ್ತಿದ್ದರು. ಭದ್ರಾವತಿಯಲ್ಲಿ ಅವರದೊಂದು ಕಂಪ್ಯೂಟರ್ ಕ್ಲಾಸು ಇತ್ತು. ಕಲಿಯಲು ಬರುವವರು ಕಡಿಮೆಯಾದ ಮೇಲೆ ಅವರು ಬೇರೆ ಹುಚ್ಚು ಹಿಡಿಸಿಕೊಂಡರು. ಗುಜರಿ ಅಂಗಡಿಗಳಿಂದ ಹಳೆಯ ಫ್ಲಾಪಿಗಳನ್ನು ತಂದು, ಅವುಗಳಲ್ಲಿದ್ದ ತಂತ್ರಾಂಶಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಲೆಂದು ತಮ್ಮ ವೆಬ್‌ಸೈಟಿಗೆ ಏರಿಸುವುದು. ಬ್ಯಾಂಕಿನ ಕೆಲಸ ಮುಗಿಸಿ ಸಂಜೆ ನಾನೂ ಅಲ್ಲಿ ಹೋಗಿ ಕೂರುತ್ತಿದ್ದೆ.

"ಇದು ಕಳ್ಳತನ ಅಲ್ವಾ ಅಕ್ಕ?" ಎಂದು ಒಮ್ಮೆ ಕೇಳಿದೆ.

"ಕಂಪನಿಗಳೇ ಬಾಗಿಲು ಹಾಕ್ಕೊಂಡು ಹೋಗಿವೆ. ಅನಾಥ ಹೆಣಕ್ಕೆ ಮಣ್ಣು ಕೊಟ್ಟೋರನ್ನ ಕಳ್ಳ ಅಂತಾರೇನೋ?"

"ನೀವು ಮಣ್ಣು ಕೊಡ್ತಿಲ್ಲ, ಎಬ್ಬಿಸಿ ಓಡಾಡಿಸ್ತಿದೀರಿ!"

ಅವರು ನಕ್ಕ ಭರಕ್ಕೆ ಟೀ ಲೋಟ ಕೀಬೋರ್ಡಿನ ಮೇಲೆ ಉರುಳಿತು.

ಆ ವೆಬ್‌ಸೈಟಿನಲ್ಲಿ ಎಲ್ಲರಿಗೂ ಅಚ್ಚುಮೆಚ್ಚಾದದ್ದು 'ಅಕ್ಷರದಾನೆ' ಎಂಬ ಮಕ್ಕಳ ಆಟ. ಸರಿಯಾದ ಅಕ್ಷರ ಒತ್ತಿದರೆ ಆನೆ ಸೊಂಡಿಲೆತ್ತಿ ಘೀಳಿಡುತ್ತದೆ. ಒಂದು ದಿನ ಶಿವಮೊಗ್ಗದ ರಾಗಿಗುಡ್ಡದಿಂದ ವಿಶ್ವನಾಥಯ್ಯ ಎಂಬ ನಿವೃತ್ತ ಎಂಜಿನಿಯರು ಫೋನ್ ಮಾಡಿದರು. "ಆ ಆನೆ ನಂದು. ನನ್ನನ್ನ ಕೇಳಿದ್ರಾ?"

ಗಿರಿಜಕ್ಕ ಅವರ ವಿಳಾಸ ಬರೆದುಕೊಂಡರು. ಫೋನಿಟ್ಟ ಮೇಲೆ, "ಇದಕ್ಕೆ ವಾರಸುದಾರರೇ ಇಲ್ಲ ಅಂತ ನಾನೇ ತೀರ್ಮಾನ ಮಾಡ್ಬಿಟ್ಟಿದ್ದೆ. ಹುಡುಕೋ ಗೋಜಿಗೂ ಹೋಗ್ಲಿಲ್ಲ ನೋಡು" ಎಂದರು.

ಭಾನುವಾರ ನಾವಿಬ್ಬರೂ ವಿಶ್ವನಾಥಯ್ಯನವರ ಮನೆಗೆ ಹೋದೆವು. ಲ್ಯಾಪ್‌ಟಾಪಿನಲ್ಲಿ ಆಟ ತೆರೆದರೆ ಮೊದಲ ಪರದೆಯಲ್ಲೇ ಹಿಂದೆಂದೋ ಅದನ್ನು ಕದ್ದು ನಕಲು ಮಾಡಿದ್ದ ಯಾವನೋ ಪುಂಡ ತನ್ನ ಹೆಸರು ಹಾಕಿಕೊಂಡಿದ್ದ.

"ಹಂಚಿದ್ದು ಹಾಗಿರ್ಲಿ," ಎಂದರು ವಿಶ್ವನಾಥಯ್ಯ. "ನಮ್ಮ ಹೆಸರು ಕಿತ್ತು ತನ್ನದು ಅಂಟಿಸಿದಾನಲ್ಲ, ಅದನ್ನೇ ನೀವು ಊರಿಗೆಲ್ಲ ಕೊಟ್ರಿ."

ಗಿರಿಜಕ್ಕ ವಾದ ಮಾಡಲಿಲ್ಲ. "ತಪ್ಪಾಯ್ತು ಸಾರ್" ಎಂದು ಅಲ್ಲೇ ಕೂತು ವೆಬ್‌ಸೈಟಿನಿಂದ ಆಟವನ್ನು ಅಳಿಸಿದರು.

"ಅಯ್ಯೋ, ಅಳಿಸ್ಬಿಟ್ರಾ?" ವಿಶ್ವನಾಥಯ್ಯನವರ ಹೆಂಡತಿ ಲಲಿತಮ್ಮ ಗಾಬರಿಯಿಂದ ಎದ್ದು ಬಂದರು. "ನಮ್ಮ ಹತ್ರ ಒಂದು ಕಾಪಿನೂ ಉಳಿದಿಲ್ಲ. ಆ ಆನೆ ಬರೆದಿದ್ದು ನಾನು, ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿ ನೋಡ್ಕೊಂಡು ಬಂದು."

"ನನ್ನ ಹತ್ರ ಇದೆಯಮ್ಮ, ಆಡಿ" ಎಂದು ಗಿರಿಜಕ್ಕ ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿದರು. ಲಲಿತಮ್ಮ 'ಅ' ಒತ್ತಿದರು. ಆನೆ ಘೀಳಿಟ್ಟಿತು. ಆಕೆ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು. "ಅದು ಇವರದೇ ಗಂಟಲು! ರೆಕಾರ್ಡ್ ಮಾಡೋಕೆ ಹೋದ್ರೆ ಆನೆ ಕೂಗ್ಲೇ ಇಲ್ಲ, ಕೊನೆಗೆ ಇವರೇ ಕೂಗಿದ್ದು."

ಗಿರಿಜಕ್ಕ ಬಿಡುತ್ತಾರೆಯೇ? ಕಾಡಿ ಬೇಡಿ ವಿಶ್ವನಾಥಯ್ಯನವರಿಂದ ಮತ್ತೊಮ್ಮೆ ಘೀಳಿಡಿಸಿದರು. ಪಕ್ಕದ ಮನೆಯ ನಾಯಿ ಬೊಗಳಲು ಶುರುಮಾಡಿತು. ಹೊರಡುವಾಗ ವಿಶ್ವನಾಥಯ್ಯ ಹೇಳಿದರು: "ನಮ್ಮಿಬ್ಬರ ಹೆಸರೂ ಹಾಕಿ, ಮತ್ತೆ ಏರ್ಸಿ."

ಆಮೇಲೆ ಗಿರಿಜಕ್ಕ ಒಡೆಯರನ್ನು ಹುಡುಕದೆ ಏನನ್ನೂ ಹಾಕಲಿಲ್ಲ. ಎಷ್ಟು ಹುಡುಕಿದರೂ ಸಿಗದಿದ್ದಾಗ, 'ಇದು ನಿಮ್ಮದಾದರೆ ಬೈಯಲು ಫೋನ್ ಮಾಡಿ' ಎಂದು ಬರೆದು ನಂಬರು ಕೊಡುತ್ತಿದ್ದರು. ಮೈಸೂರಿನವರೊಬ್ಬರು ಬೇಡವೆಂದಾಗ, ಜನ ಎಷ್ಟು ಗೋಗರೆದರೂ ಕೇಳದೆ ಅವರ ಜಾತಕದ ತಂತ್ರಾಂಶವನ್ನು ತೆಗೆದುಬಿಟ್ಟರು. "ಬೇಡ ಅನ್ನೋಕೆ ಅವರಿಗೆ ಹಕ್ಕಿದೆ. ನನ್ನ ಹೊಟ್ಟೆ ಉರೀತಿದೆ, ಅದು ಬೇರೆ ವಿಷಯ."

ಕೊನೆಯ ಸಲ ಅವರು ಸಿಕ್ಕಿದ್ದು ಭದ್ರಾವತಿಯ ಬಸ್‌ಸ್ಟ್ಯಾಂಡಿನಲ್ಲಿ. ಕನ್ನಡ ಟೈಪಿಂಗ್ ಕಲಿಸುವ ಹಳೆಯದೊಂದು ತಂತ್ರಾಂಶದ ಒಡೆಯರನ್ನು ಕಾಣಲು ದಾವಣಗೆರೆಗೆ ಹೋಗಿ ಬಂದಿದ್ದರು. "ಯೋಚಿಸಿ ಹೇಳ್ತೀನಿ ಅಂದಿದಾರೆ. ನನ್ನ ಫೋನು ಯಾವಾಗ್ಲೂ ಸತ್ತಿರುತ್ತಲ್ಲ, ನಿನ್ನ ನಂಬರೂ ಕೊಟ್ಟಿದೀನಿ. ಬೆಣ್ಣೆದೋಸೆ ತಿಂದೆ, ಹೋಗಿದ್ದೇನೂ ದಂಡ ಅಲ್ಲ ಬಿಡು."

ಅದೇ ತಿಂಗಳು ಅವರ ಹೃದಯ ನಿಂತಿತು.

ಮಳೆಗಾಲ ಶುರುವಾದ ಮೇಲೆ ದಾವಣಗೆರೆಯಿಂದ ನನಗೆ ಫೋನ್ ಬಂತು. "ಆ ಮೇಡಂ ಫೋನ್ ಎತ್ತುತ್ತಿಲ್ಲ. ಹಾಕ್ಕೊಳ್ಳಿ ಅಂತ ಹೇಳಿ ಅವರಿಗೆ. ಎಷ್ಟು ಮರ್ಯಾದೆಯಿಂದ ಬಂದು ಕೇಳಿದ್ರು ಪಾಪ."

"ಹೇಳ್ತೀನಿ ಸಾರ್," ಎಂದೆ. "ತುಂಬ ಖುಷಿಪಡ್ತಾರೆ."