ಧಾರೆಗೆ ಹೊಲಿದ ರವಿಕೆ

ಮಾಘ ಮಾಸದ ಒಂದು ಗುರುವಾರ, ಬೆಳಿಗ್ಗೆ ಹತ್ತೂವರೆ. ಶಂಕರಪುರದ ನಮ್ಮ ಮನೆಯ ನಡುಮನೆಯಲ್ಲಿ ಇದ್ದವರು ಮೂವರು: ನಾನು, ಮದುವೆ ಗೊತ್ತಾಗಿದ್ದ ನನ್ನ ಮಗಳು, ಮತ್ತು ಎದುರುಮನೆ ಅಕ್ಕ. ಅಕ್ಕನ ತುಟಿಗಳ ನಡುವೆ ಗುಂಡುಸೂಜಿಗಳು ಸಾಲಾಗಿ ನಿಂತಿದ್ದವು. ಅವನ್ನು ಕಚ್ಚಿಕೊಂಡೇ ಅವರು ಮಾತಾಡುತ್ತಿದ್ದರು, ನಗುತ್ತಿದ್ದರು, ತರಕಾರಿ ಗಾಡಿಯವನನ್ನು ಕಿಟಕಿಯಿಂದಲೇ ಗದರುತ್ತಿದ್ದರು. ಒಂದು ಸೂಜಿಯೂ ಕೆಳಗೆ ಬಿದ್ದದ್ದನ್ನು ನಾನು ಕಂಡಿಲ್ಲ. ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕತ್ತರಿಯ ಹಿಡಿ ಒತ್ತಿ ಒತ್ತಿ ಒಂದು ಗಂಟು ಕಟ್ಟಿತ್ತು. ಹುಣಸೆಬೀಜದಷ್ಟು ಗಟ್ಟಿ, ಹುಣಸೆಬೀಜದಷ್ಟೇ ನುಣುಪು.

ಅಕ್ಕ ತೀರಿಕೊಂಡು ವರ್ಷವಾಗುತ್ತಾ ಬಂತು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಕಾಫಿ ಹೊತ್ತಿಗೆ ಏಳಲಿಲ್ಲ. ಮೆಷಿನ್ನಿನ ಸೂಜಿಯ ಕೆಳಗೆ ಅರ್ಧ ಹೊಲಿದ ದಿಂಬಿನ ಚೀಲ ಹಾಗೆಯೇ ಇತ್ತು. ಇಂಥವರ ಎದುರುಮನೆಯಲ್ಲಿ ಮೂವತ್ತು ವರ್ಷಕ್ಕೂ ಮಿಗಿಲಾಗಿ ಬದುಕಿದೆನಲ್ಲ ಎಂದು ನನಗೆ ಈಗಲೂ ಬೆರಗು.

ಅವರ ಮೈಮೇಲೆ ಹೊರಗೆ ಹೊಲಿಸಿದ ಬಟ್ಟೆಯನ್ನು ನಾನು ನೋಡಿಲ್ಲ. ತಮ್ಮ ರವಿಕೆ, ಗಂಡನ ಪೈಜಾಮ, ಮಕ್ಕಳ ಅಂಗಿ, ಎಲ್ಲವೂ ಕಿಟಕಿ ಪಕ್ಕದ ಕಾಲುಮೆಷಿನ್ನಿನಲ್ಲಿ ಆಗುತ್ತಿದ್ದವು. ಚಿಕ್ಕಪೇಟೆಯ ಸಂದಿಗಳಲ್ಲಿ ಅಲೆದು ಕಟ್‌ಪೀಸ್ ಆರಿಸಿ ತರುತ್ತಿದ್ದರು. ಬೇರೆಯವರಿಗೆ ಹೊಲಿದರೆ ಅದು ಉಡುಗೊರೆಯೇ. ಬೀದಿಯಲ್ಲಿ ಯಾವ ಮನೆಯಲ್ಲಿ ಮಗು ಹುಟ್ಟಲಿ, ಅಕ್ಕನ ಸಾಸಿವೆ ದಿಂಬು ಹೋಗುತ್ತಿತ್ತು. ಹಳೆಯ ನೂಲಿನ ಸೀರೆಯ ಮೆತ್ತನೆ ಚೀಲಕ್ಕೆ ಸಾಸಿವೆ ತುಂಬಿ ಹೊಲಿದದ್ದು, ಎಳೆಯ ತಲೆ ಗುಂಡಗೆ ಕೂರಲೆಂದು. ನಾನು ಶಾಲೆಯಲ್ಲಿ ಹೆಡ್‌ಮಿಸ್ ಆದಾಗ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ, ಕೈ ಒರೆಸುವ ಬಟ್ಟೆಯೂ ಇದ್ದ ಸೀಮೆಸುಣ್ಣದ ಚೀಲ ತಂದುಕೊಟ್ಟರು. “ಸೀರೆಗೆ ಕೈ ಒರೆಸ್ತೀಯ. ನಿನ್ನ ಮಕ್ಕಳು ಪಾಠ ಮರೀತಾರೆ, ಅದನ್ನ ಮಾತ್ರ ಸರಿಯಾಗಿ ಕಲೀತಾರೆ” ಎಂದರು.

ಅಳತೆ ತೆಗೆಯುವುದರಲ್ಲಿ ಅವರದೇ ಒಂದು ಕ್ರಮವಿತ್ತು. ಟೇಪು ಕೊರಳಲ್ಲಿದ್ದರೂ ಅದನ್ನು ಕೈಗೆತ್ತಿಕೊಳ್ಳುವ ಮೊದಲು ಎದುರಿಗಿದ್ದವರಿಂದ ಒಂದು ಕೆಲಸ ಮಾಡಿಸುತ್ತಿದ್ದರು. ನನ್ನ ಮಗಳ ನೃತ್ಯದ ಉಡುಪಿಗೆ ಮೊದಲು ಅವಳು ನಮ್ಮ ಅಂಗಳದಲ್ಲಿ ಕುಣಿದು ತೋರಿಸಬೇಕಾಯಿತು. ನನ್ನ ಶಾಲೆಯ ರವಿಕೆಗಳಿಗಾಗಿ ಖಾಲಿ ಗೋಡೆಯ ಮೇಲೆ ಬೆರಳಿನಿಂದ ಮಗ್ಗಿ ಬರೆಸಿದರು. “ಸುಮ್ಮನೆ ನಿಂತಿರೋರಿಗೆ ಹೊಲಿಯೋಕೆ ಅಂಗಡಿಯವರಿದ್ದಾರೆ. ನಾನು ಕೆಲಸ ಮಾಡೋರಿಗೆ ಹೊಲಿಯೋಳು” ಎನ್ನುತ್ತಿದ್ದರು. ಅವರು ಹೊಲಿದ ರವಿಕೆ ತೊಟ್ಟು ಬೋರ್ಡಿನ ಮೇಲಂಚಿನವರೆಗೂ ಬರೆದಿದ್ದೇನೆ. ತೋಳು ಎಂದೂ ಎಳೆದದ್ದಿಲ್ಲ.

ಆ ಗುರುವಾರಕ್ಕೆ ಹಿಂದಿನ ವರ್ಷ ನನಗೆ ಕಾಯಿಲೆಯಾಗಿ ಎಡಗಡೆಯ ಸ್ತನವನ್ನು ತೆಗೆದರು. ಚಿಕಿತ್ಸೆ ಮುಗಿಯಿತು, ಇನ್ನು ಭಯವಿಲ್ಲ ಎಂದರು ಡಾಕ್ಟರು. ನಾನೂ ನನ್ನ ನಿವೃತ್ತಿಯ ವೇಳಾಪಟ್ಟಿಗೆ ಮರಳಿದೆ. ಐದಕ್ಕೆ ಏಳುವುದು, ಆರಕ್ಕೆ ತುಳಸಿಗೆ ನೀರು, ಏಳಕ್ಕೆ ಪತ್ರಿಕೆ. ಆದರೆ ಗೇಟು ದಾಟುತ್ತಿರಲಿಲ್ಲ. ಅಂಗಡಿಯಿಂದ ತಂದ ಹಗುರ ಸ್ಪಂಜಿನ ದಿಂಬೊಂದು ಇತ್ತು. ಕೈ ಎತ್ತಿದರೆ ಅದು ಕೊರಳ ಕಡೆಗೆ ಹತ್ತುತ್ತಿತ್ತು. ಮದುವೆಯಲ್ಲಿ ಧಾರೆಯ ಹೊತ್ತಿಗೆ ಹೆಣ್ಣಿನ ತಾಯಿ ಗಂಡನ ಪಕ್ಕ ನಿಂತು, ತುಂಬಿದ ಸಭೆಯೆದುರು ಚೊಂಬು ಎತ್ತಿ ನೀರು ಎರೆಯಬೇಕು. ಅಷ್ಟು ಕಣ್ಣುಗಳು ನನ್ನ ಎದೆಯ ಮೇಲೆ ನಿಲ್ಲುವುದನ್ನು ನೆನೆದೇ ನಾನು ಹಿರಿಯ ವಾರಗಿತ್ತಿಗೆ ಫೋನ್ ಮಾಡಿ, ಧಾರೆಯನ್ನು ನೀವೇ ದಂಪತಿಗಳು ಎರೆದುಕೊಡಿ ಎಂದು ಕೇಳಿಕೊಂಡಿದ್ದೆ. ಮಗಳು ಆಮೇಲೆ ನನ್ನೊಡನೆ ಸರಿಯಾಗಿ ಮಾತಾಡಿರಲಿಲ್ಲ. ಬೀದಿ ದಾಟಿ ಹೋಗಿ ಅಕ್ಕನಿಗೆ ಹೇಳಿದವಳು ಅವಳೇ.

“ಏನೇ ಹೆಡ್‌ಮಿಸ್ಸು, ಮಗಳ ಧಾರೆಗೆ ರಜಾಚೀಟಿ ಕೊಟ್ಯಂತೆ?” ಅಕ್ಕ ಚಪ್ಪಲಿ ಬಿಡುತ್ತಲೇ ಕೇಳಿದರು.

“ಅಕ್ಕ, ಆ ವಿಷಯ ಬೇಡ.”

“ಬೇಡ ಬಿಡು. ತುಳಸಿಗೆ ನೀರು ಹಾಕು.”

“ಆರು ಗಂಟೆಗೇ ಹಾಕಾಯ್ತು.”

“ಇನ್ನೊಂದ್ಸಲ ಹಾಕು. ತುಳಸಿ ಏನು ನಿನ್ನ ಟೈಮ್‌ಟೇಬಲ್ ನೋಡತ್ತಾ?”

ಹಾಕಿದೆ. ಅಕ್ಕ ನನ್ನ ಹಿಂದೆ ನಿಂತು ಬೆನ್ನನ್ನೇ ನೋಡಿದರು. “ಎಡಭುಜ ಮೇಲೆ ಹತ್ತಿದೆ. ತಕ್ಕಡೀಲಿ ಭಾರ ಇಲ್ಲದ ತಟ್ಟೆ ಮೇಲಕ್ಕೆ ಹೋಗತ್ತಲ್ಲ, ಹಾಗೆ. ನಿನಗೆ ಮೊದಲು ತೂಕ ಬೇಕು ಕಣೇ. ಆಕಾರ ಆಮೇಲೆ ನೋಡ್ಕೊಳ್ಳೋಣ.”

ಒಳಗೆ ಬಂದು ಬಾಗಿಲು ಹಾಕಿ ರವಿಕೆ ಬಿಚ್ಚಲು ಹೇಳಿದರು. ಡಾಕ್ಟರ ಹೊರತು ಯಾರಿಗೂ ನಾನು ತೋರಿಸಿರಲಿಲ್ಲ, ಗಂಡನಿಗೂ ಮಗಳಿಗೂ ಇಲ್ಲ. ಅಕ್ಕ ಕನ್ನಡಕ ಸರಿಮಾಡಿಕೊಂಡು ಬಗ್ಗಿ, ಕಂಕುಳಿಂದ ಎದೆಯವರೆಗಿನ ಗಾಯದ ಗೆರೆಯ ಮೇಲೆ ಬೆರಳು ಓಡಿಸಿದರು. ಯಾವುದೇ ಬಟ್ಟೆಯ ಅಂಚಿನ ಮೇಲೆ ಓಡಿಸುತ್ತಿದ್ದಂತೆ.

“ಒಳ್ಳೆ ಹೊಲಿಗೆ ಹಾಕಿದ್ದಾರೆ. ಎಲ್ಲೂ ಸುಕ್ಕಿಲ್ಲ ನೋಡು. ಆ ಡಾಕ್ಟರ ಕೈ ಚೆನ್ನಾಗಿದೆ” ಎಂದರು.

ಒಂದು ವರ್ಷದಿಂದ ಕನ್ನಡಿಗೆ ಬೆನ್ನು ಹಾಕಿ ಸೀರೆ ಉಡುತ್ತಿದ್ದವಳು ನಾನು. ಮಗಳು ಹತ್ತಿರ ಬಂದು ತಾನೂ ನೋಡಿದಳು. “ಹೌದಲ್ವಾ ಅಜ್ಜಿ, ನೇರ ಗೆರೆ” ಎಂದಳು ಅಕ್ಕನಿಗೆ. ಇಬ್ಬರೂ ಹೊಲಿಗೆ ಕ್ಲಾಸಿನಲ್ಲಿ ಕೂತವರಂತೆ ನನ್ನ ಎದೆ ನೋಡುತ್ತಿದ್ದರು. ನನಗೆ ನಗು ಬಂತು. ಎಷ್ಟೋ ದಿನಗಳ ಮೇಲೆ ಬಂದ ನಗು.

ಅಕ್ಕ ಮಗಳ ಕೈಲಿ ಅಡುಗೆಮನೆಯಿಂದ ಸಾಸಿವೆ ಡಬ್ಬಿ ತರಿಸಿದರು. ತಮ್ಮ ಹಳೆಯ ವಾಯಿಲ್ ಸೀರೆಯ ತುಂಡಿನಲ್ಲಿ ಚೀಲ ಹೊಲಿದು, ಸಾಸಿವೆ ತುಂಬಿ, ಅಂಗೈಯಲ್ಲಿ ತೂಗಿ ನೋಡಿ ನನ್ನ ಎದೆಗೆ ಒಡ್ಡಿದರು. ಕೈ ಎತ್ತಿದೆ. ಸಾಸಿವೆಯೆಲ್ಲ ಸರಸರನೆ ಒಂದು ಮೂಲೆಗೆ ಜಾರಿತು.

“ಅಯ್ಯೋ, ಗಿಲಕಿ ಆಯ್ತಲ್ಲೇ! ಮಂತ್ರ ಹೇಳೋರು ತಿರುಗಿ ನೋಡ್ತಾರೆ” ಎಂದು ನಕ್ಕು, ಆ ಕ್ಷಣವೇ ಬಿಚ್ಚಿದರು. ಬಿಚ್ಚುವುದರಲ್ಲಿ ಅವರಿಗೆ ಬೇಸರವೆಂಬುದೇ ಇರಲಿಲ್ಲ. ಎರಡನೆಯ ಸಲ ಕೌದಿಗೆ ಹಾಕುವಂತೆ ಗೆರೆ ಗೆರೆ ಹೊಲಿಗೆ ಹಾಕಿ ಚೀಲವನ್ನು ಪುಟ್ಟ ಪುಟ್ಟ ಕೋಣೆಗಳಾಗಿ ಮಾಡಿದರು. ಒಂದೊಂದು ಕೋಣೆಗೂ ಚಿಟಿಕೆ ಚಿಟಿಕೆಯಾಗಿ ಸಾಸಿವೆ ಇಳಿಸಿ, ಮೇಲೆ ಬೂರುಗದ ಹತ್ತಿ ಹಾಸಿದರು. ಕೆಳಗಿನ ಕೋಣೆಗಳಿಗೆ ಹೆಚ್ಚು, ಮೇಲಿನವಕ್ಕೆ ಕಡಿಮೆ. ಆಮೇಲೆ ಮದುವೆಗೆಂದು ತಂದಿದ್ದ ನನ್ನ ರವಿಕೆಯ ರೇಷ್ಮೆ ಕತ್ತರಿಸಿದರು. ಒಳಗೆ ಚೀಲ ಕೂರಲು ಒಂದು ಜೇಬು; ಗಾಯದ ಗೆರೆಯ ಮೇಲೆ ಜಾಯಿಂಟ್ ಬರದಂತೆ ಹೊಲಿಗೆಯನ್ನು ಬೆನ್ನ ಕಡೆಗೆ ಸರಿಸಿದರು. ಮೆಷಿನ್ನಿಗಾಗಿ ಎದುರುಮನೆಗೂ ನಮ್ಮ ಮನೆಗೂ ಎಷ್ಟು ಸಲ ಓಡಾಡಿದರೋ! ಎಪ್ಪತ್ತು ದಾಟಿದ ಕಾಲುಗಳು. ಊಟಕ್ಕೆ ಕರೆದರೆ, “ನೀವು ಮಾಡಿ. ನನಗೆ ಇದರ ಮೇಲೆ ಕಣ್ಣು ಕೂತಿದೆ” ಎಂದರು.

ಮೂರೂವರೆಯ ಹೊತ್ತಿಗೆ ತೊಡಿಸಿ ಮತ್ತೆ ತುಳಸಿಯ ಮುಂದೆ ನಿಲ್ಲಿಸಿದರು.

“ಎತ್ತು ಚೊಂಬು.”

ಎತ್ತಿದೆ.

“ಅಮ್ಮ, ಇನ್ನೂ ಮೇಲೆ” ಎಂದಳು ಮಗಳು.

ಇನ್ನೂ ಎತ್ತಿದೆ. ಏನೂ ಜಾರಲಿಲ್ಲ, ಸದ್ದಾಗಲಿಲ್ಲ. ಎದೆಯ ಎಡಗಡೆ ಒಂದು ಭಾರ ತಣ್ಣಗೆ ಕೂತಿತ್ತು, ಮೊದಲಿನಿಂದಲೂ ಅಲ್ಲೇ ಇದ್ದಂತೆ. ವರ್ಷದಿಂದ ಬಿಗಿಹಿಡಿದಿದ್ದ ಭುಜ ತಾನಾಗಿ ಇಳಿಯಿತು. ನೀರು ಕಟ್ಟೆ ದಾಟಿ ಅಂಗಳಕ್ಕೆ ಹರಿಯಿತು. ಮಗಳು ಅತ್ತಳು. ಅಕ್ಕ ಮಾತ್ರ ತೋಳಿನ ಕೆಳಗೆ ಬೆರಳು ಹಾಕಿ ಬಿಗಿ ನೋಡುತ್ತಿದ್ದರು.

“ಒಗೆಯೋವಾಗ ಚೀಲ ತೆಗೆದಿಡು. ನೆನೆದರೆ ಮೊಳಕೆ ಬರತ್ತೆ. ಆಮೇಲೆ ನಾನು ಸಾಸಿವೆ ಸೊಪ್ಪು ಕಿತ್ಕೊಳ್ಳೋಕೆ ಬರ್ಬೇಕಾಗತ್ತೆ!”

“ಅಕ್ಕ, ಈ ಋಣ ನಾನು ಹೇಗೆ…” ಎಂದು ಶುರುಮಾಡಿದೆ.

“ಭಾಷಣ ಬೇಡ. ಬಿಚ್ಚಿ ಕೊಡು, ಕೊಂಡಿ ಹಾಕ್ಬೇಕು.”

ಆ ಮಾತನ್ನು ನನಗೆ ಮುಂದೆಯೂ ಪೂರ್ತಿ ಹೇಳಲಾಗಲಿಲ್ಲ. ಹೇಳಲು ಅವರು ಬಿಡಲಿಲ್ಲ.

ಐದು ಗಂಟೆಗೆ ಕೊನೆಯ ಕೊಂಡಿ ಹಾಕಿ ನೂಲು ಕಡಿದರು. ನೆಲದ ಮೇಲಿನ ದಾರದ ಚೂರುಗಳನ್ನು ಒದ್ದೆ ಕೈಯಿಂದ ಒತ್ತಿ ಒತ್ತಿ ತೆಗೆದು, ತಮ್ಮ ಯಜಮಾನರ ಕಾಫಿಗೆ ಹೊತ್ತಾಯಿತೆಂದು ಬೀದಿ ದಾಟಿದರು. ನಾನು ರವಿಕೆಯನ್ನು ಮಡಿಸಿ ಬೀರುವಿನಲ್ಲಿಟ್ಟು, ವಾರಗಿತ್ತಿಗೆ ಫೋನ್ ಮಾಡಿದೆ.

“ಧಾರೆಗೆ ನಾವೇ ನಿಲ್ತೀವಿ.”

“ಏನಂದೆ?”

“ನಾನೇ ನೀರು ಎರೀತೀನಿ ಅಂದೆ.”

ಆಕೆ ಅಳತೊಡಗಿದರು, ಅಳುತ್ತಲೇ ಬಯ್ಯತೊಡಗಿದರು. ತಾಯಿ ಬದುಕಿರುವಾಗ ತಾನು ಚೊಂಬು ಹಿಡಿಯಬೇಕಲ್ಲ ಎಂದು ನಿದ್ದೆಗೆಟ್ಟದ್ದನ್ನೆಲ್ಲ ಹೇಳಿಕೊಂಡರು. ಪೂರ್ತಿ ಬಯ್ದು ಮುಗಿಸುವವರೆಗೂ ಕೇಳಿಸಿಕೊಂಡು, ಫೋನ್ ಇಟ್ಟೆ.